ಬೇವಿನ ಗಿಡದ ಕಟ್ಟೆಯಿಂದ ಮಗಳಿಗೊಂದು ಪತ್ರ

ಮಗಳೇ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಬಹುದಿತ್ತು. ಕುಕ್ಕರ್ ಕೂಗ್ತಿದೆ ಅಂತ ನೆಪ ಹೇಳಿ ಇಟ್ಟುಬಿಟ್ಟೆ. ಕುಕ್ಕರ್ ಇಟ್ಟೇ ಇರಲಿಲ್ಲ.

"ಬಿಸಿಲಾಗ ಕೂತು ಮಂದಿ ಅರ್ಜಿ ಬರೀತೀಯಲ್ಲ ಮಮ್ಮೀ, ಒಂದು ರೂಪಾಯಿ ಇಲ್ಲ, ನಿನಗ ಅದರಿಂದ ಏನ್ ಸಿಗ್ತದ?" ಅಂದೆ. ಹಾಗೇ ನಿಮ್ಮ ಕಂಪನಿಯಲ್ಲಿ ವರ್ಷಕ್ಕೊಂದು ದಿನ ಸಮಾಜಸೇವೆಗೆ ಅಂತ ಬಿಡುವು ಕೊಡ್ತಾರೆ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಹಾಕಿಸಿ ಯಾವುದೋ ಕೆರೆ ದಂಡೆಗೆ ಕರೆದುಕೊಂಡು ಹೋಗ್ತಾರೆ, ಕಸ ಆರಿಸೋದಕ್ಕಿಂತ ಫೋಟೋ ತೆಗೆಯೋದೇ ಜಾಸ್ತಿ, ಹೋಗಲಾ ಬೇಡವಾ ಅಂತಲೂ ಕೇಳಿದೆ. ಎರಡಕ್ಕೂ ಸೇರಿಸಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಊಟ ಮಾಡುತ್ತಾ ಓದಬೇಡ.

ನಿವೃತ್ತಿಯಾದ ಮೇಲೆ ಆರಾಮಿದ್ದೇನೆ ಅಂತ ನಿನಗೆ ಹೇಳುತ್ತಿದ್ದೆನಲ್ಲ, ಅದು ಸುಳ್ಳು. 34 ವರ್ಷ ಕೌಂಟರಿನ ಹಿಂದೆ ಕೂತವಳು ನಾನು. ಮೊದಲ ಹದಿನೈದು ದಿನ ಚೆನ್ನಾಗಿತ್ತು, ಹಬ್ಬದ ರಜೆ ಇದ್ದ ಹಾಗೆ. ಆಮೇಲೆ ಹೊತ್ತೇ ಹೋಗಲಿಲ್ಲ. ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ತೊಳೆದು, ಒಣಗಿಸಿ, ಮತ್ತೆ ಏರಿಸಿದೆ. ಚಹಾಕ್ಕೆ ಸಕ್ಕರೆ ಜಾಸ್ತಿಯಾಯ್ತು ಅಂತ ನಿಮ್ಮಪ್ಪನ ಜೊತೆ ದಿನಾ ಜಗಳ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಗಿನ ತನಕ ಫ್ಯಾನ್ ನೋಡುತ್ತಾ ಮಲಗೋದು. ಫೋನ್ ರಿಂಗಾದರೆ ಓಡಿ ಹೋಗಿ ಎತ್ತುತ್ತಿದ್ದೆ, ನೋಡಿದರೆ ಸಾಲ ಬೇಕಾ ಮೇಡಂ ಅಂತ ಕೇಳೋ ಯಾವುದೋ ಹುಡುಗಿ. ಅವಳ ಜೊತೆಗೂ ಒಂದು ದಿನ ಐದು ನಿಮಿಷ ಮಾತಾಡಿದ್ದೇನೆ, ಯಾವ ಊರಮ್ಮಾ ನಿಂದು, ಊಟ ಆಯ್ತಾ ಅಂತ. ಅಷ್ಟಕ್ಕೆ ಬಂದಿತ್ತು ನನ್ನ ಕಥೆ.

ಆ ಕಟ್ಟೆಗೆ ನಾನು ಸೇವೆ ಮಾಡೋಣ ಅಂತ ಹೋದವಳೇ ಅಲ್ಲ. ನನ್ನದೇ ಪಿಂಚಣಿಯ ಒಂದು ಕಾಗದಕ್ಕೆ ಓಡಾಡುತ್ತಿದ್ದೆ. ಯಾವ ಕಚೇರಿ ಅಂತ ಬರೆಯಲ್ಲ, ಬರೆದರೆ ನನ್ನ ಕಾಗದ ಇನ್ನೂ ಎರಡು ತಿಂಗಳು ಮಲಗುತ್ತೆ. ಸಾಹೇಬರು ಊಟಕ್ಕೆ ಹೋಗಿದ್ದರು, ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಜೇವರ್ಗಿ ಕಡೆಯ ಒಬ್ಬ ಮುದುಕಿ. ಸೆರಗಿನ ಗಂಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದಳು. ಒಳಗೆ ನಾಲ್ಕಾಗಿ ಮಡಚಿದ ಕಾಗದ, ಮೂಲೆಗೆ ಕುಂಕುಮ ಹಚ್ಚಿತ್ತು. "ಯವ್ವಾ, ಎರಡು ತಿಂಗಳಾಯ್ತು ಇದು ಕೊಟ್ಟು. ದೇವರ ಜಗಲಿ ಮ್ಯಾಗ ಇಟ್ಟಿದ್ದೆ. ರೊಕ್ಕ ಇನ್ನಾ ಬಂದಿಲ್ಲ. ಇದರಾಗ ಯಾವತ್ತ್ ಬರ್ತಾವಂತ ಬರದಾರೇನು ನೋಡು" ಅಂದಳು.

ಅದು ಅವಳ ಪಿಂಚಣಿ ಅರ್ಜಿಗೆ ಕಚೇರಿ ಕೊಟ್ಟ ಹಿಂಬರಹ. ಆದಾಯ ಪ್ರಮಾಣಪತ್ರ ಲಗತ್ತಿಸಿಲ್ಲವಾದ್ದರಿಂದ ಅರ್ಜಿಯನ್ನು ಹಿಂದಿರುಗಿಸಲಾಗಿದೆ ಅಂತ ಎರಡು ಸಾಲು, ಕೆಳಗೆ ಒಂದು ಸಹಿ. ಅರ್ಜಿ ತಿರಸ್ಕಾರವಾದ ಕಾಗದಕ್ಕೆ ಎರಡು ತಿಂಗಳು ಕುಂಕುಮ ಹಚ್ಚಿ ಕೈ ಮುಗಿದಿದ್ದಾಳೆ.

ನನಗೆ ನಗು ಬರಲಿಲ್ಲ. ಆ ಎರಡು ಸಾಲನ್ನು ನಾನು ಎಷ್ಟು ಸಾವಿರ ಸಲ ಬರೆದಿದ್ದೇನೋ. ಅದೇ 'ಆದ್ದರಿಂದ', ಅದೇ 'ಲಗತ್ತಿಸಿಲ್ಲ'. ಬರೆದು, ಸೀಲ್ ಒತ್ತಿ, ಕಿಟಕಿಯಿಂದ ಹೊರಗೆ ತಳ್ಳಿ, "ಹೂಂ, ಮುಂದಿನವರು" ಅಂದರೆ ನನ್ನ ಕೆಲಸ ಮುಗಿಯಿತು. ಆ ಕಾಗದ ಯಾರ ಜಗಲಿಯ ಮೇಲೆ ಹೋಗಿ ಕೂರುತ್ತೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಓದಲು ಬರದವರಿಗೆ ಬರೆದು ಕೊಡ್ತಿದ್ದೇನೆ ಅನ್ನೋದೂ ತಲೆಗೆ ಹೊಳೆದಿರಲಿಲ್ಲ. ಮತ್ತೆ ನಮ್ಮ ದೊಡ್ಡ ಮಂತ್ರ ಒಂದಿತ್ತಲ್ಲ, "ನಾಳೆ ಬಾ". ಚಿಂಚೋಳಿಯ ಹಳ್ಳಿಯಿಂದ ಬಂದವನಿಗೆ ನಾಳೆ ಬಾ ಅಂದರೆ ಅವನು ಎರಡು ದಿನದ ಕೂಲಿ ಕಳೆದುಕೊಂಡ, ಇಲ್ಲವೇ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಪುಕ್ಕಟೆ ಆಯ್ತು ಅನ್ನು, ಕೂಲಿ ಪುಕ್ಕಟೆ ಬರುತ್ತಾ?

ಆವತ್ತು ಅವಳಿಗೆ ಅರ್ಜಿ ಬರೆದು ಕೊಟ್ಟೆ. ಆದಾಯ ಪ್ರಮಾಣಪತ್ರಕ್ಕೆ ಎಲ್ಲಿಗೆ ಹೋಗಬೇಕು, ಏನೇನು ಒಯ್ಯಬೇಕು ಅಂತ ಹೇಳಿದೆ. ಹೇಳಿದರೆ ನೆನಪಿರಲ್ಲ ಅಂತ ಪಾಸ್‌ಬುಕ್ಕು, ಆಧಾರ್ ಕಾರ್ಡು, ಎರಡು ಫೋಟೋ ಚಿತ್ರ ಬರೆದು ಕೊಟ್ಟೆ. ಫೋಟೋ ಅಂತ ಬರೆದ ಚಿತ್ರ ಕುಂಬಳಕಾಯಿ ಹಾಗಿತ್ತು, ಇಬ್ಬರೂ ನಕ್ಕೆವು. ಅಷ್ಟರಲ್ಲಿ ಇನ್ನೊಬ್ಬಳು ಬಂದು ಕೂತಳು. ಆಮೇಲೆ ಇನ್ನೊಬ್ಬ. ನನ್ನ ಸಾಹೇಬರು ಊಟ ಮುಗಿಸಿ ಬಂದು, ಮತ್ತೆ ಹೋದದ್ದೂ ಗೊತ್ತಾಗಲಿಲ್ಲ. ಮನೆಗೆ ಬಂದಾಗ ನಾಲ್ಕೂವರೆ. ಆವತ್ತು ರಾತ್ರಿ ಎರಡಕ್ಕೆ ಎಚ್ಚರವಾಗಲಿಲ್ಲ.

ಈಗ ವಾರಕ್ಕೆ ಮೂರು ದಿನ ಹೋಗ್ತೇನೆ.

ಎಲ್ಲ ಸುಸೂತ್ರ ಅಂದುಕೊಳ್ಳಬೇಡ. ಮೊದಲ ವಾರವೇ ಅಲ್ಲಿ ಅರ್ಜಿ ಬರೆಯುವವನು ಬಂದ. ಅವನೂ ಅದೇ ಗಿಡದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಕೂರುತ್ತಾನೆ, ಒಂದು ಅರ್ಜಿಗೆ ಐವತ್ತು ರೂಪಾಯಿ. "ಮೇಡಂ, ನಿಮಗ ಪೆನ್ಷನ್ ಬರ್ತದ. ನನಗ ಇದೇ ಪೆನ್ಷನ್" ಅಂದ. ಸಿಟ್ಟಿನಿಂದ ಅಲ್ಲ, ಇದ್ದದ್ದನ್ನು ಇದ್ದಂಗೆ ಹೇಳಿದ. ನಾನು ಪುಕ್ಕಟೆ ಬರೆದು ಯಾರದೋ ಹೊಟ್ಟೆ ಮೇಲೆ ಕೂತಿದ್ದೆ, ಅದು ನನಗೆ ಹೊಳೆದೇ ಇರಲಿಲ್ಲ. ಎರಡು ದಿನ ಹೋಗಲೇ ಇಲ್ಲ. ಮೂರನೇ ದಿನ ಹೋಗಿ ಅವನ ಜೊತೆ ಚಹಾ ಕುಡಿದು ಮಾತಾಡಿದೆ. ಈಗ ಲೆಕ್ಕ ಹೀಗಿದೆ: ಜಮೀನಿನ ಕೆಲಸ, ಪೌತಿ ಖಾತೆ, ಪಹಣಿ ತಿದ್ದುಪಡಿ ಎಲ್ಲ ಅವನದು, ಅದರಲ್ಲಿ ಅವನು ನನಗಿಂತ ಜಾಣ. ಸಂಧ್ಯಾ ಸುರಕ್ಷಾ ಅನ್ನೋ ಮುದುಕರ ಪಿಂಚಣಿ, ವಿಧವಾ ವೇತನ, ಕೈಯಲ್ಲಿ ರೊಕ್ಕ ಇಲ್ಲದವರು ನನ್ನ ಪಾಲು. ಅವನೇ ಕಳಿಸುತ್ತಾನೆ, "ಮೇಡಂ ಕಡೆ ಹೋಗ್ರಿ" ಅಂತ. ಯಾರದಾದರೂ ಚೀಟಿಯಲ್ಲಿ ಇಂಗ್ಲಿಷ್ ಇದ್ದರೆ ತಂದು ನನ್ನ ಮುಂದೆ ಇಡುತ್ತಾನೆ. 34 ವರ್ಷ ಸಹೋದ್ಯೋಗಿಗಳಿದ್ದರು ನನಗೆ, ಬೀಳ್ಕೊಡುಗೆಗೆ ಶಾಲು ಹೊದಿಸಿದ ಮೇಲೆ ಇಬ್ಬರು ಬಿಟ್ಟರೆ ಯಾರೂ ಫೋನ್ ಮಾಡಿಲ್ಲ. ಇವನು ನಾನೊಂದು ದಿನ ಹೋಗದಿದ್ದರೆ "ಯಾಕ್ರೀ ಮೇಡಂ, ಜ್ವರಾ ಏನ್ರೀ" ಅಂತ ಕೇಳುತ್ತಾನೆ.

ಜೂನ್ ಬಂತಂದರೆ ಹುಡುಗರ ಗದ್ದಲ, 371(ಜೆ) ಸರ್ಟಿಫಿಕೇಟಿಗೆ. ನೆನಪಿದೆಯಾ, ನಿನ್ನ ಇಂಜಿನಿಯರಿಂಗ್ ಸೀಟಿಗೆ ಅದೇ ಕಾಗದಕ್ಕೆ ನಿಮ್ಮಪ್ಪ ಎಷ್ಟು ಓಡಾಡಿದರು ಅಂತ. ಸಂವಿಧಾನದ 98ನೇ ತಿದ್ದುಪಡಿಯಿಂದ ಕಾಲೇಜು ಸೀಟು, ನೌಕರಿಯಲ್ಲಿ ನಮ್ಮ ಭಾಗಕ್ಕೆ ಬಂದ ಮೀಸಲಾತಿಯ ಹಕ್ಕು ಅದು, ಆದರೆ ಅರ್ಧ ಹುಡುಗರಿಗೆ ಅರ್ಜಿಯ ಜೊತೆ ಏನೇನು ಹಚ್ಚಬೇಕು ಅಂತಲೇ ಗೊತ್ತಿರಲ್ಲ. ಕಾಲೇಜಿನ ಕೊನೆಯ ದಿನಾಂಕಕ್ಕೆ ಎರಡು ದಿನ ಇದೆ ಅನ್ನುವಾಗ ಬೆವರು ಸುರಿಸುತ್ತಾ ಬರುತ್ತಾರೆ. ಅವರಿಗೆ ನಾನು ಬರೆದು ಕೊಡಲ್ಲ, ಬೈದು ಅವರ ಕೈಯಿಂದಲೇ ಬರೆಸುತ್ತೇನೆ. ನಿನ್ನನ್ನೂ ಹಾಗೇ ಬೈದು ಬೆಳೆಸಿದ್ದಲ್ವಾ.

ಆದರೆ ನನಗೆ ಇಷ್ಟ ಮುದುಕ ಮುದುಕಿಯರು. ಅವರ ಜೊತೆ ಮೊದಲ ಕೆಲಸ ವಯಸ್ಸು ಹುಡುಕೋದು. ಸಂಧ್ಯಾ ಸುರಕ್ಷಾಕ್ಕೆ 65 ತುಂಬಿರಬೇಕು. ಆಧಾರ್ ಕಾರ್ಡು ನೋಡಿದರೆ ಎಲ್ಲರೂ ಜನವರಿ 1ಕ್ಕೇ ಹುಟ್ಟಿದವರು, ಇಡೀ ಜಿಲ್ಲೆಯಲ್ಲಿ ಬೇರೆ ದಿನ ಮಕ್ಕಳೇ ಆಗಿಲ್ಲವೇನೋ ಅನ್ನೋ ಹಾಗೆ. ವರ್ಷ ಬರೆದವನಿಗೆ ಏನು ತೋಚಿತೋ ಅದು. ಎಪ್ಪತ್ತು ದಾಟಿದವಳಿಗೆ 58 ಅಂತ ಬರೆದಿರುತ್ತಾರೆ. ಆಗ ನಾನು ಕೇಳುತ್ತೇನೆ, "ಬರ ಬಿದ್ದಾಗ ನೀ ಎಷ್ಟು ದೊಡ್ಡಾಕಿ ಇದ್ದಿ?" ಬರ ಅಂದರೆ 72ರ ಬರ, ಹೇಳಲೇಬೇಕಿಲ್ಲ. "ಬರದ ವರ್ಷ ನನ್ನ ಮದುವಿ ಆಯ್ತು ಬೇ, ಮದುವಿ ಊಟಕ್ಕ ಬರೇ ಜೋಳದ ನುಚ್ಚು" ಅನ್ನುತ್ತಾಳೆ ಒಬ್ಬಳು. "ಹಿರಿ ಮಗ ಎದಿ ಹಾಲು ಕುಡೀತಿದ್ದ, ಕೆರಿ ಕೆಲಸಕ್ಕ ಹೊತ್ಕೊಂಡ್ ಹೋಗಿದ್ದೆ" ಅನ್ನುತ್ತಾಳೆ ಇನ್ನೊಬ್ಬಳು. ಮೊನ್ನೆ ಒಬ್ಬ ಅಜ್ಜ ನಿಜಾಮನ ಕಾಲದ ರಜಾಕಾರರ ಗಲಾಟೆಯಲ್ಲಿ ತಾನು ತಾಯಿಯ ಬಗಲಲ್ಲಿ ಇದ್ದೆ, ಸೊಲ್ಲಾಪುರದ ಕಡೆ ಓಡಿಹೋಗಿದ್ದರಂತೆ ಅಂದ. ಅಂದರೆ 1948ರ ಹೊತ್ತಿಗೇ ಹುಟ್ಟಿದ್ದವನು. ಸರ್ಕಾರದ ಲೆಕ್ಕದಲ್ಲಿ ಅವನಿಗೆ 63! ಇಂಥ ಲೆಕ್ಕ ಕಚೇರಿ ಒಪ್ಪಲ್ಲ, ವಯಸ್ಸಿನ ದಾಖಲೆ ಬೇರೆಯೇ ಬೇಕು, ಅದು ನನಗೂ ಗೊತ್ತು. ಆದರೂ ಕೇಳುತ್ತೇನೆ. ಮಕ್ಕಳ ವಯಸ್ಸು, ಮೊಮ್ಮಕ್ಕಳ ವಯಸ್ಸು ಕೂಡಿಸಿ ಕಳೆದು, ಎಲ್ಲಿಂದ ಹಿಡಿದರೆ ದಾಖಲೆ ಸಿಗಬಹುದು ಅಂತ ನೋಡೋದು. ಪದಬಂಧ ಬಿಡಿಸಿದ ಹಾಗೆ, ಇನ್ನೂ ಮಜಾ ಜಾಸ್ತಿ.

ಹೆಸರಿನದು ಮತ್ತೊಂದು ಪುರಾಣ. ಆಧಾರ್‌ನಲ್ಲಿ ಶರಣಮ್ಮ, ರೇಷನ್ ಕಾರ್ಡಿನಲ್ಲಿ ಶರಣವ್ವ, ಬ್ಯಾಂಕಿನಲ್ಲಿ ಶರಣಬಾಯಿ. ಮನೆಯಲ್ಲಿ ಮೂರೂ ಅಂತಾರೆ, ಯಾವುದಕ್ಕೆ ಕರೆದರೂ ಓ ಅನ್ನುತ್ತಾಳೆ. ಕಂಪ್ಯೂಟರ್ ಓ ಅನ್ನಲ್ಲ.

ಭಾಷೆಯೂ ಸುಧಾರಿಸಿದೆ ನನ್ನದು. ಆಳಂದ ಕಡೆಯವರಲ್ಲಿ ಕೆಲವರದು ಮರಾಠಿ, ಸೇಡಂ ಕಡೆಯವರದು ತೆಲುಗು ಬೆರೆತ ಕನ್ನಡ, ತಾಂಡಾದವರದು ಲಂಬಾಣಿ, ದರ್ಗಾ ಓಣಿಯ ಆಪಾಗಳದು ದಖ್ಖನಿ. "ಕೈಕು ರೋತೇ ಅಮ್ಮಾ, ಹೋ ಜಾತಾ" (ಯಾಕಮ್ಮಾ ಅಳ್ತೀಯ, ಆಗುತ್ತೆ) ಅಂತ ನಾನು ಅನ್ನೋದನ್ನು ಕೇಳಿದರೆ ನೀನು ಬಿದ್ದು ಬಿದ್ದು ನಗುತ್ತೀಯ. 60 ದಾಟಿದ ಮೇಲೆ ಹೊಸ ಭಾಷೆ ನಾಲಿಗೆಗೆ ಬರುತ್ತಿದೆ ಅಂದರೆ ಅದೂ ಒಂದು ಸಿಕ್ಕ ಹಾಗೇ ಅಲ್ವಾ? ಬರೆದುಕೋ ನಿನ್ನ ಲೆಕ್ಕದಲ್ಲಿ.

ರೊಟ್ಟಿ ಅಜ್ಜಿಯ ವಿಷಯ ಹೇಳಬೇಕು. ಸ್ಟೇಷನ್ ಕಡೆ ಒಂದು ಖಾನಾವಳಿಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದವಳು. ಆಧಾರ್ ಯಂತ್ರದ ಮೇಲೆ ಹೆಬ್ಬೆರಳು ಇಟ್ಟರೆ ಹೊಂದಿಕೆ ಆಗ್ತಿಲ್ಲ ಅಂತ ಮೂರು ಸಲ ವಾಪಸ್ ಕಳಿಸಿದ್ದರು. ನಾನು ಅವಳ ಜೊತೆ ಒಳಗೆ ಹೋದೆ. ಅವಳ ಬೆರಳು ಹಿಡಿದು ನೋಡಿದೆ. ತುದಿಯಲ್ಲಿ ಗೆರೆಯೇ ಇಲ್ಲ, ನಮ್ಮ ಅಂಗಳದ ಶಹಾಬಾದ್ ಪರಸಿ ಇದೆಯಲ್ಲ, ಅಷ್ಟು ನುಣ್ಣಗೆ. ಕಾದ ಹಂಚು, ಜೋಳದ ಹಿಟ್ಟು, ಬಿಸಿನೀರು ಎಲ್ಲ ಸೇರಿ ಅಳಿಸಿಬಿಟ್ಟಿವೆ. ಕಲ್ಲು ಗಣಿಯಲ್ಲಿ ದುಡಿದವರದೂ ಹೀಗೇ ಇರುತ್ತೆ, ಆಮೇಲೆ ಎಷ್ಟೋ ನೋಡಿದೆ. ಕೈ ತೊಳೆಸಿದೆ, ಒದ್ದೆ ಕರವಸ್ತ್ರದಲ್ಲಿ ಒರೆಸಿದೆ, ಒಂದೊಂದೇ ಬೆರಳು ಇಡಿಸಿದೆ. ಕಂಪ್ಯೂಟರ್ ಹುಡುಗ ಪಾಪ ಒಳ್ಳೆಯವನು, ಹಿಂದಿನವರು ಗೊಣಗಿದರೂ ತಾಳಿಕೊಂಡ. ಬಲಗೈ ಐದೂ ಆಯ್ತು, ಇಲ್ಲ. ಎಡಗೈಯ ಉಂಗುರದ ಬೆರಳು ಇಟ್ಟಾಗ ಹಸಿರು ದೀಪ ಹತ್ತಿತು. ರೊಟ್ಟಿ ಬಡಿಯುವಾಗ ಆ ಬೆರಳಿಗೆ ಕೆಲಸ ಕಮ್ಮಿಯೇನೋ. ಅಜ್ಜಿ ನನ್ನ ಕೈಯನ್ನು ಹಿಡಿದು ತಿರುವಿ ತಿರುವಿ ನೋಡಿ, "ನಿನ್ನ ಬೆರಳ ಎಲ್ಲಾ ಹಂಗೇ ಅದಾವಲ್ಲ ಯವ್ವಾ. ರೊಟ್ಟಿ ಮಾಡಾಂಗಿಲ್ಲೇನು?" ಅಂದಳು. ಹುಡುಗನಿಗೆ ನಗು ತಡೆಯಲಾಗಲಿಲ್ಲ.

ಮರುವಾರ ಒಂದು ಬಟ್ಟೆಯ ಗಂಟು ತಂದಳು. ಕಡಕ್ ರೊಟ್ಟಿ ಹತ್ತು, ಕಾಗದದಲ್ಲಿ ಶೇಂಗಾ ಹಿಂಡಿ. ನಾನು ನಿಯಮದವಳು, ಯಾರ ಹತ್ತಿರವೂ ಏನೂ ತಗೊಳ್ಳಲ್ಲ ಅಂತ. ಕೌಂಟರಿನಲ್ಲಿ ಇದ್ದಾಗಲೂ ತಗೊಂಡವಳಲ್ಲ, ಅದೊಂದು ಜಂಬ ನನಗೆ. ಬೇಡಜ್ಜಿ ಅಂದೆ. ಮತ್ತೆ ಕೊಟ್ಟಳು. ಮತ್ತೆ ಬೇಡ ಅಂದೆ. ಅವಳು ಗಂಟು ಎತ್ತಿಕೊಂಡು ಏನೂ ಮಾತಾಡದೆ ಹೋದಳು. ಅರ್ಜಿ ಬರೆಯುವವನು ಮೇಜಿನಿಂದಲೇ ಅಂದ, "ಹಂಗ ಮಾಡಬಾರದಿತ್ರಿ ಮೇಡಂ. ಆಕಿ ಬೇಡಲಿಕ್ಕ ಬಂದಾಕಿ ಅಲ್ಲ, ಕೊಡಲಿಕ್ಕ ಬಂದಿದ್ದಳು." ರಾತ್ರಿಯೆಲ್ಲ ಅದೇ ಮಾತು. ಮರುದಿನ ಖಾನಾವಳಿ ಹುಡುಕಿಕೊಂಡು ಹೋಗಿ, ಅಜ್ಜಿ ಹಸಿವಾಗಿದೆ ಅಂದೆ. ಹಿಂದೆ ಹೊಗೆಯಲ್ಲಿ ಕೂರಿಸಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾನು ತಿನ್ನುತ್ತಿದ್ದರೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಈಗ ರೊಟ್ಟಿ ತಗೋತೇನೆ. ನಿಮ್ಮಪ್ಪ ಮನೆಯಲ್ಲಿ ತಿನ್ನೋ ಕಡಕ್ ರೊಟ್ಟಿ ಎಲ್ಲಿಂದ ಬರುತ್ತೆ ಅಂದುಕೊಂಡೆ?

ಆಗದ ಕೆಲಸಗಳೂ ಇವೆ. ಜಾಸ್ತಿಯೇ ಇವೆ. ಒಬ್ಬ ಅಜ್ಜನ ಅರ್ಜಿ ನಾಲ್ಕು ಸಲ ಹಾಕಿಸಿದೆ, ಮಂಜೂರಾಗುವ ಹೊತ್ತಿಗೆ ಅವನೇ ಇರಲಿಲ್ಲ. ಮಗ ಬಂದು ಹೇಳಿಹೋದ. ಆವತ್ತು ಮಧ್ಯಾಹ್ನ ಯಾರ ಅರ್ಜಿಯನ್ನೂ ಬರೆಯಲಾಗಲಿಲ್ಲ, ಸುಮ್ನೆ ಕೂತು ಬಂದೆ. ಮೊದಮೊದಲು ವಾರಕ್ಕೆ ಆರು ದಿನ ಹೋಗುತ್ತಿದ್ದೆ, ಫೋನ್ ನಂಬರ್ ಎಲ್ಲರಿಗೂ ಕೊಟ್ಟುಬಿಟ್ಟಿದ್ದೆ, ರಾತ್ರಿ ಹತ್ತಕ್ಕೂ ಫೋನ್. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಅಲ್ವಾ, ಕಚೇರಿ ಮುಚ್ಚಿದ ಮೇಲೂ ಉಳಿದವರದ್ದು ಬರೆಯುತ್ತಾ ಕೂತು, 43 ಡಿಗ್ರಿ ಬಿಸಿಲಲ್ಲಿ ನಡೆದು ಬಂದು ತಲೆ ತಿರುಗಿ ಬಿದ್ದೆ. ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ, ಫೋನ್ ಮಾಡಿ ಕೂಗಾಡಬೇಡ. ನಿಮ್ಮಪ್ಪ ಆಗಲೇ ಎಲ್ಲ ಕೂಗಾಡಿ ಮುಗಿಸಿದ್ದಾರೆ. ಅವರು ಹಾಕಿದ ಲಗಾಮಿನಿಂದಲೇ ಮೂರು ದಿನಕ್ಕೆ ಇಳಿದದ್ದು. ಅದೂ ಸರಿಯೇ. ಮಂಡಿ ನೋವೂ ಹಾಗೇ ಇದೆ, ಸೇವೆ ಮಾಡಿದರೆ ನೋವು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಹಾಗಾದರೆ ಏನು ಸಿಗುತ್ತೆ? ಎರಡು ದಿನ ಇದನ್ನೇ ಯೋಚಿಸಿದೆ. ಪುಣ್ಯ ಅನ್ನೋದು ನನಗೆ ಗೊತ್ತಿಲ್ಲ, ಮಂದಿ ಹೊಗಳ್ತಾರೆ ಅಂದರೆ ಅದೂ ಇಲ್ಲ, ನಮ್ಮ ಓಣಿಯಲ್ಲಿ ಅರ್ಧ ಜನ ನಾನು ಎಲೆಕ್ಷನ್ನಿಗೆ ನಿಲ್ಲುತ್ತೇನೆ ಅಂದುಕೊಂಡಿದ್ದಾರೆ. ನನಗೆ ಸಿಗೋದು ಏನಂದರೆ, ಕಥೆಯ ಕೊನೆ. ಕೌಂಟರಿನಲ್ಲಿ ಕೂತಾಗ ಪ್ರತಿಯೊಬ್ಬರದೂ ನಡುವಿನ ಒಂದು ಪುಟ ಮಾತ್ರ ಕಾಣುತ್ತಿತ್ತು. ಕಾಗದ ಬಂತು, ಹೋಯ್ತು. ಮುಂದೇನಾಯ್ತು, ಗೊತ್ತಿಲ್ಲ. ಈಗ ಅವರೇ ಬಂದು ಹೇಳುತ್ತಾರೆ. ಆ ಜೇವರ್ಗಿಯ ಮುದುಕಿ, ಕುಂಕುಮ ಹಚ್ಚಿದವಳು, ಐದು ತಿಂಗಳಾದ ಮೇಲೆ ಒಂದು ದಿನ ಬಂದಳು. ಯಾವ ಕೆಲಸವೂ ಇರಲಿಲ್ಲ ಅವಳಿಗೆ ಇಲ್ಲಿ. "ಬಂದಾವ ಯವ್ವಾ ರೊಕ್ಕ, ಸಾವಿರದ ಎರಡು ನೂರು" ಅಂತ ಹೇಳಲಿಕ್ಕೇ ಬಂದಿದ್ದಳು. ಏನು ಮಾಡಿದೆ ಅಂದೆ. ಔಷಧಿಗೆ ಇಷ್ಟು, ಮೊಮ್ಮಗನ ಚಪ್ಪಲಿಗೆ ಇಷ್ಟು, ಇನ್ನು ಹತ್ತು ರೂಪಾಯಿ ಭಜಿ ತಿಂದೆ ಅಂದಳು, ಭಜಿ ಅನ್ನುವಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಹತ್ತು ರೂಪಾಯಿ ಭಜಿ ಇದೆಯಲ್ಲ, 34 ವರ್ಷದ ನೌಕರಿಯಲ್ಲಿ ನನಗೆ ಯಾರೂ ಬಂದು ಹೇಳಿರಲಿಲ್ಲ.

ನೀನು ಆರನೇ ಕ್ಲಾಸಿನಲ್ಲಿದ್ದಾಗ ಶರಣಬಸವೇಶ್ವರ ಜಾತ್ರೆಯಲ್ಲಿ ಅರವಟ್ಟಿಗೆಗೆ ಕೂತಿದ್ದೆ, ನೆನಪಿದೆಯಾ? ಹೋಳಿ ಮುಗಿದ ಬಿಸಿಲು, ತೇರಿನ ಮಂದಿ. ಮಣ್ಣಿನ ಗಡಿಗೆಯಿಂದ ನೀರು ಎತ್ತಿ ಎತ್ತಿ ಫ್ರಾಕ್ ಎಲ್ಲ ಒದ್ದೆ. ರಾತ್ರಿ ಮಲಗುವ ತನಕ ಅದೇ ಮಾತು, ಒಬ್ಬ ಅಜ್ಜ ಏಳು ಲೋಟ ಕುಡಿದ, ಒಬ್ಬಳು ತಲೆಗೆ ಸುರಿದುಕೊಂಡಳು ಅಂತ. ಏನ್ ಸಿಕ್ತು ಅಂತ ಆವತ್ತು ನಾನು ಕೇಳಲಿಲ್ಲ, ನೀನೂ ಕೇಳಲಿಲ್ಲ.

ಕಂಪನಿಯ ಟೀ ಶರ್ಟಿನ ವಿಷಯ. ಹೋಗು, ಕೆರೆಗೆ ಒಂದು ದಿನದ ಕಸ ಕಮ್ಮಿಯಾದರೂ ಆಗುತ್ತೆ, ಆ ಫೋಟೋಕ್ಕೆ ಯಾಕೆ ಅಷ್ಟು ಸಿಟ್ಟು. ಆದರೆ ಅದು ಹಿಡಿಸದಿದ್ದರೆ ಇನ್ನೊಂದು ಕೆಲಸ ಇದೆ ನನ್ನ ಹತ್ತಿರ. ನಿನ್ನನ್ನು ಕೇಳದೆ ಒಪ್ಪಿಕೊಂಡುಬಿಟ್ಟಿದ್ದೇನೆ, ಬೈಬೇಡ.

ರೊಟ್ಟಿ ಅಜ್ಜಿಯ ಸೊಸೆಗೆ ಇಲ್ಲಿಯ ಡಾಕ್ಟರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಬುಧವಾರ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ, ಅವಳು ಮತ್ತು ಅವಳ ಮೈದುನ. ಇಬ್ಬರೂ ಕಲಬುರಗಿ ದಾಟಿ ಹೋದವರಲ್ಲ. ಗುರುವಾರ ಬೆಳಿಗ್ಗೆ ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ನೀನು ಹೋಗಿ ಕರೆದುಕೊಂಡು, ಹೊಸೂರು ರಸ್ತೆಯ ಆಸ್ಪತ್ರೆ ತನಕ ಬಿಟ್ಟು, ಹೆಸರು ಬರೆಸಿ, ಯಾವ ಕಿಟಕಿಯ ಮುಂದೆ ನಿಲ್ಲಬೇಕು ಅಂತ ತೋರಿಸಿದರೆ ಸಾಕು. ಅವಳ ಜೊತೆ ನಮ್ಮ ಊರಿನ ಮಾತೇ ಆಡು, ನಿನ್ನ ಬೆಂಗಳೂರು ಕನ್ನಡ ಬೇಡ. ಕಂಪನಿ ಕೊಡೋ ಆ ಒಂದು ದಿನವನ್ನು ಇದಕ್ಕೇ ಕೇಳಿ ನೋಡು. ಆಗಲ್ಲ ಅಂದರೆ ಮಂಗಳವಾರದೊಳಗೆ ಹೇಳು, ಬೇರೆ ಯಾರನ್ನಾದರೂ ಹುಡುಕುತ್ತೇನೆ.

ಹಸಿರು ಸೀರೆ ಉಟ್ಟಿರುತ್ತಾಳೆ, ಕೈಯಲ್ಲಿ ಆಸ್ಪತ್ರೆಯ ಫೈಲು, ಮತ್ತೆ ಬಟ್ಟೆಯ ಒಂದು ಗಂಟು. ಆ ಗಂಟು ನಿನಗೇ. ಬೇಡ ಅನ್ನಬೇಡ.

ನಿನ್ನ ಮಮ್ಮಿ
ಕಲಬುರಗಿ